ಬೇಲಿಯಾಚೆಯ ಹಣ್ಣು

ಹಂಗಳದ ಚಿಕ್ಕಮಲ್ಲಪ್ಪನ ನೆಮ್ಮದಿ ಕೆಡಿಸಿದ್ದು ಆನೆಯಲ್ಲ, ಹಂದಿಯಲ್ಲ, ಕಿರುಬೆರಳಿನ ಉಗುರಿನಷ್ಟು ದಪ್ಪದ ಒಂದು ಕೆಂಪು ಹಣ್ಣು. ಕಾಡಂಚಿನ ಊರಿನಲ್ಲಿ ಆನೆ ಬಂದು ಜೋಳ ತುಳಿದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಪಕ್ಕದ ಮನೆಯವನ ಹಿತ್ತಿಲು ಚೆನ್ನಾಗಿದೆ ಎಂದು ಹೊಟ್ಟೆ ಉರಿದರೆ ಅರ್ಜಿ ತೆಗೆದುಕೊಳ್ಳುವ ಕಚೇರಿ ಇನ್ನೂ ಎಲ್ಲೂ ಆಗಿಲ್ಲ.

ಇದೆಲ್ಲದರ ಬುಡದಲ್ಲಿ ಇದ್ದದ್ದು ಸಿಮೆಂಟು. ಹೋದ ವರ್ಷ ಯುಗಾದಿಗೆ ಮುಂಚೆ, ಚೆಂಡುಹೂವಿಗೆ ಒಳ್ಳೆ ಬೆಲೆ ಸಿಕ್ಕ ಹುಮ್ಮಸ್ಸಿನಲ್ಲಿ, ಚಿಕ್ಕಮಲ್ಲಪ್ಪ ಮುಂದಿನ ಜಗಲಿಯಿಂದ ಹಿಂದಿನ ಬಚ್ಚಲಿನವರೆಗೆ ಅಂಗೈಯಗಲ ಮಣ್ಣೂ ಕಾಣದ ಹಾಗೆ ಸಿಮೆಂಟ್ ಹಾಕಿಸಿದ್ದ. ಹೆಂಡತಿ ಲಕ್ಷ್ಮಿದೇವಿ ತನ್ನ ಕನಕಾಂಬರದ ಗಿಡಗಳ ಮುಂದೆ ನಿಂತು ಕಣ್ಣೊರೆಸಿಕೊಂಡಳು. "ಕೆಸರು ತುಳ್ಯೋ ಕಾಲ ಮುಗೀತು ಕಣೆ" ಎಂದು ಇವನು ಮೀಸೆ ತಿರುವಿದ. ಮೊದಮೊದಲು ಬೀದಿಯ ಹೆಂಗಸರೆಲ್ಲ ಅರಿಶಿನ, ರಾಗಿ, ಸಂಡಿಗೆ ಒಣಗಿಸಲು ಅವನ ಅಂಗಳಕ್ಕೇ ಬಂದರು. ಚಿಕ್ಕಮಲ್ಲಪ್ಪ ಕುರ್ಚಿ ಹಾಕಿಕೊಂಡು ಕೂತು ಯಾರ ಸಂಡಿಗೆಗೆ ಎಲ್ಲಿ ಜಾಗ ಎಂದು ತೀರ್ಮಾನ ಮಾಡುತ್ತಿದ್ದ.

ಆಮೇಲೆ ಪಕ್ಕದ ಹಿತ್ತಿಲು ಹಸಿರಾಯಿತು. ಪಕ್ಕದ ಮನೆಯ ಮುದ್ದಯ್ಯ ಬಂಡೀಪುರದಲ್ಲಿ ಮೂವತ್ತು ವರ್ಷ ಕಾಡು ಕಾಯುವ ವಾಚರ್ ಆಗಿದ್ದು ನಿವೃತ್ತನಾದವನು. ಅವನ ಹಿತ್ತಿಲಿನ ಸೀಬೆ ಮತ್ತು ಹೊಂಗೆ ಮರದ ನೆರಳಿನಲ್ಲಿ ಗರಿಕೆ ಕೂಡ ಹುಟ್ಟುತ್ತಿರಲಿಲ್ಲ. ಮುಂಗಾರು ಹಿಡಿದಾಗ ಅಲ್ಲಿಗೆ ಊಟಿ ಕಡೆಯ ನೆಂಟರಿಂದ ನಾಲ್ಕು ಬುಡ ಬೆಟ್ಟದ ಸ್ಟ್ರಾಬೆರಿ ಬಂತು. ಪೇಟೆಯಲ್ಲಿ ಡಬ್ಬಿಯಲ್ಲಿಟ್ಟು ಮಾರುವ ದಪ್ಪ ಹಣ್ಣಿನ ಜಾತಿಯಲ್ಲ, ನಮ್ಮ ಬೆಟ್ಟಗಳ ಓರೆಯಲ್ಲಿ ತಾನಾಗಿ ಹಬ್ಬುವ ಕಾಡು ಜಾತಿ. ಕುಡಿ ಚಾಚಿದಲ್ಲೆಲ್ಲ ಬೇರು ಬಿಟ್ಟು, ಶಿವರಾತ್ರಿ ಹೊತ್ತಿಗೆ ಇಡೀ ಹಿತ್ತಿಲಿಗೆ ಹಸಿರು ಜಮಖಾನ ಹಾಸಿದಂತಾಯಿತು. ಮೇಲೆ ಬಿಳಿ ಹೂವು, ಎಲೆ ಸರಿಸಿದರೆ ಕೆಂಪು ಹಣ್ಣು. ಕಳೆ ಹುಟ್ಟದು, ಧೂಳು ಏಳದು, ಬಾಯಾಡಿಸಲು ಹಣ್ಣು ಬೇರೆ.

ಬೇಸಿಗೆ ಬಂದ ಮೇಲೆ ಚಿಕ್ಕಮಲ್ಲಪ್ಪನ ಅಂಗಳ ದೋಸೆ ಕಾವಲಿಯಾಯಿತು. ಹೆಂಗಸರು ಸಂಡಿಗೆ ಇಟ್ಟು, ತಾವು ಓಡಿ ಹೋಗಿ ಮುದ್ದಯ್ಯನ ಹಿತ್ತಿಲಿನಲ್ಲಿ ಕೂರತೊಡಗಿದರು. ಲಕ್ಷ್ಮಿದೇವಿಯಂತೂ ಮಧ್ಯಾಹ್ನವೆಲ್ಲ ಅಲ್ಲೇ, ಮುದ್ದಯ್ಯನ ಹೆಂಡತಿ ಚಿಕ್ಕನಿಂಗಮ್ಮನ ಜೊತೆ. ಸಂಜೆ ಸೆರಗಿಗೆ ಮಣ್ಣು ಮೆತ್ತಿಕೊಂಡು, ಮುಖ ಅರಳಿಸಿಕೊಂಡು ಬರುತ್ತಿದ್ದಳು. ತನ್ನ ಮನೆಯಲ್ಲಿ ಹೆಂಡತಿಯ ಮುಖ ಹಾಗೆ ಅರಳಿದ್ದನ್ನು ಕಂಡು ಎಷ್ಟು ಕಾಲವಾಯಿತು ಎಂದು ನೆನೆದರೆ ಚಿಕ್ಕಮಲ್ಲಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಹೆಚ್ಚೇನೂ ಅಲ್ಲ, ನಾಲ್ಕು ಜನ ತನ್ನ ಹೆಸರು ಹೇಳಬೇಕು. ಐವತ್ತೆಂಟು ವರ್ಷದಲ್ಲಿ ಅವನ ಹೆಸರನ್ನು ಮೈಕಿನಲ್ಲಿ ಕೂಗಿದ್ದು ಒಂದೇ ಸಲ, ಗುಂಡ್ಲುಪೇಟೆಯ ಒಂದು ಮದುವೆ ಛತ್ರದಲ್ಲಿ, ಬೈಕು ಅಡ್ಡ ನಿಲ್ಲಿಸಿದ್ದಕ್ಕೆ. ಇನ್ನು ಮನೆಯಲ್ಲಿ ಹೆಸರು ಕೇಳೋಣವೆಂದರೆ ಲಕ್ಷ್ಮಿದೇವಿ ಹಳೆಯ ಪದ್ಧತಿಯವಳು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಸ್ಸು ಕಡಿಮೆಯಾಗುತ್ತದೆಂದು ನಂಬಿದವಳು. ಬ್ಯಾಂಕಿನಲ್ಲಿ ಗಂಡನ ಹೆಸರೇನೆಂದು ಕೇಳಿದರೆ ಪಾಸ್‌ಬುಕ್ ಮುಂದೆ ಹಿಡಿಯುತ್ತಾಳೆ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರ ಕೈಲಿ ಹೇಳಿಸುತ್ತಾಳೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಒಂದು ದಿನವೂ ತಪ್ಪಿಲ್ಲ.

ಹೊಟ್ಟೆಕಿಚ್ಚಿಗೆ ಚಿಕ್ಕಮಲ್ಲಪ್ಪ ಒಂದು ಮದ್ದು ಕಂಡುಕೊಂಡಿದ್ದ. ದಿನಾ ಹೊತ್ತು ಹುಟ್ಟುವ ಮುಂಚೆ ಬೇಲಿಯ ಕಿಂಡಿಯಲ್ಲಿ ನುಸುಳಿ, ಕೈಗೆ ಸಿಕ್ಕಷ್ಟು ಹಣ್ಣು ತಿಂದು ಬರುವುದು. ಮುದ್ದಯ್ಯನ ಹಣ್ಣು ಕಡಿಮೆ ಆಗಲಿ ಎಂಬುದೇ ಅವನ ಉದ್ದೇಶ. ಆದರೆ ಹಾಳಾದ ಹಣ್ಣು ಬೆಲ್ಲಕ್ಕಿಂತ ಸಿಹಿ, ಮೇಲೆ ಒಂದು ಘಮ. ಹಾಗಾಗಿ ಬಯ್ಯುತ್ತಾ ತಿನ್ನುತ್ತಿದ್ದ, ತಿನ್ನುತ್ತಾ ಇನ್ನಷ್ಟು ಬಯ್ಯುತ್ತಿದ್ದ.

ಆ ಗುರುವಾರ ಬೆಳಗಿನ ಜಾವವೂ ನುಸುಳಿದ. ಒಂದು ಹಿಡಿ ತಿಂದು, ಇನ್ನೊಂದು ಹಿಡಿಯನ್ನು ಜೇಬಿಗೆ ಹಾಕಿಕೊಂಡು ತಲೆಯೆತ್ತಿದರೆ ಎದುರಿಗೆ ತಾನೇ ನಿಂತಿದ್ದ. ಕಣ್ಣುಜ್ಜಿ ನೋಡಿದರೆ ದೃಷ್ಟಿಬೊಂಬೆ. ಕೋಲಿಗೆ ಹುಲ್ಲು ಕಟ್ಟಿ, ಮಡಕೆಯ ತಲೆ ಇಟ್ಟು, ಸುಣ್ಣದಲ್ಲಿ ಕಣ್ಣು, ಮಸಿಯಲ್ಲಿ ಮೇಲಕ್ಕೆ ತಿರುಗಿದ ಮೀಸೆ ಬರೆದಿದ್ದರು. ಮೈಮೇಲೆ ಅವನದೇ ಕಂದು ಚೌಕಳಿ ಶರ್ಟು, ಬೀಡಿ ಕಿಡಿ ಸುಟ್ಟ ತೂತಿನ ಸಮೇತ.

ಮನೆಗೆ ಬಂದವನೇ ಹೆಂಡತಿಯನ್ನು ಕೇಳಿದ. "ನನ್ ಶರ್ಟ್ ಅಲ್ಯಾಕದೆ?"

"ಹಳೇದಲ್ವಾ, ನಾನೇ ಕೊಟ್ಟೆ. ಯಾರ್ದೋ ಕೆಟ್ ಕಣ್ ಬೀಳ್ತಾ ಅದೆ ಅಂತ ಬೊಂಬೆ ನಿಲ್ಸವ್ರೆ. ದಿನಾ ಹಣ್ ಕಮ್ಮಿ ಆಯ್ತವಂತೆ."

ಚಿಕ್ಕಮಲ್ಲಪ್ಪ ಕೆಮ್ಮಿ, ಮುಖ ತೊಳೆಯಲು ಬಚ್ಚಲಿಗೆ ಹೋದ. ಅಲ್ಲಿದ್ದಾಗಲೇ ಲಕ್ಷ್ಮಿದೇವಿ ಫೋನಿನಲ್ಲಿ ಮಾತಾಡುವುದು ಗೋಡೆಯಾಚೆಯಿಂದ ಕೇಳಿಸಿತು.

"ಹ್ಞೂ ಮೇಡಂ, ಇವತ್ತೇ ಬನ್ನಿ. ಚಾಮರಾಜನಗರದಿಂದ ಬರೋಕೆ ಹನ್ನೆರಡಾಯ್ತದಾ? ಬನ್ನಿ. ನೋಡ್ಬುಟ್ರೆ ಶನಿವಾರ ತೋಟಗಾರಿಕೆ ಪ್ರದರ್ಶನದಲ್ಲಿ ಬಹುಮಾನ ಗ್ಯಾರಂಟಿನಾ ಮೇಡಂ? ಶಾಲು ಹೊದ್ಸಿ, ಮೈಕಲ್ಲಿ ಹೆಸ್ರು ಕೂಗ್ತೀರಾ? ಅಯ್ಯೋ, ಬಾಳ ಖುಷಿ ಪಡ್ತಾರೆ ಮೇಡಂ. ಮನೆನಾ? ಹಂಗಳ್ದಲ್ಲಿ ಮುದ್ದಯ್ಯನವ್ರ ಮನೆ ಅಂತ ಕೇಳಿ, ಯಾರಾದ್ರೂ ತೋರುಸ್ತಾರೆ."

ಚಿಕ್ಕಮಲ್ಲಪ್ಪನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಮುದ್ದಯ್ಯನಿಗೆ ಶಾಲು, ಮುದ್ದಯ್ಯನಿಗೆ ಮೈಕು. ಅದಕ್ಕೆ ಓಡಾಡುತ್ತಿರುವವಳು ತನ್ನದೇ ಹೆಂಡತಿ. ಹನ್ನೆರಡು ಗಂಟೆಯೊಳಗೆ ಏನಾದರೂ ಮಾಡಲೇಬೇಕು ಎಂದು ಅಲ್ಲೇ, ಒದ್ದೆ ಮುಖದಲ್ಲೇ, ತೀರ್ಮಾನಿಸಿದ.

ಬರುವ ಮೇಡಂಗೆ ಹಾರ ಕಟ್ಟಬೇಕೆಂದು ಲಕ್ಷ್ಮಿದೇವಿ ಚೆಂಡುಹೂವು ಬಿಡಿಸಲು ಹೊಲಕ್ಕೆ ಹೋದಳು. ಇವನು ತನ್ನ ಹದಿನಾಲ್ಕು ಕೋಳಿಗಳನ್ನು ಬೇಲಿಯ ಕಿಂಡಿಯಲ್ಲಿ ಆಚೆಗೆ ನುಗ್ಗಿಸಿದ. ಕೆದಕುವುದರಲ್ಲಿ ಆ ಕೋಳಿಗಳನ್ನು ಮೀರಿಸುವವರಿಲ್ಲ. ಅರ್ಧ ಗಂಟೆಯಲ್ಲಿ ಜಮಖಾನ ಚಿಂದಿಯಾಗಬೇಕು ಎಂದು ಲೆಕ್ಕ ಹಾಕಿ ಕಾದು ಕೂತ. ಅರ್ಧ ಗಂಟೆಯಾದ ಮೇಲೆ ಬೇಲಿಯ ಮೇಲೆ ಮುದ್ದಯ್ಯನ ನಗುಮುಖ ಕಾಣಿಸಿತು.

"ಒಳ್ಳೆ ಕೆಲ್ಸ ಮಾಡ್ದೆ ಕಣ ಮಲ್ಲಣ್ಣ. ಬುಡದಲ್ಲೆಲ್ಲ ಬಸವನಹುಳ ಸೇರ್ಕಂಡಿದ್ದೊ. ನಿನ್ ಕೋಳಿ ಒಂದೂ ಬುಡ್ದಂಗೆ ಹೆಕ್ಕಾಕ್ಬುಟ್ಟೊ. ಸಾಯಂಕಾಲನೂ ಕಳ್ಸು."

ಕೋಳಿಗಳು ಸಾಲಾಗಿ ಮನೆಗೆ ಬಂದವು. ಅವುಗಳ ಮುಖದಲ್ಲಿದ್ದ ತೃಪ್ತಿಯನ್ನು ನೋಡಿ ಚಿಕ್ಕಮಲ್ಲಪ್ಪ ಒಂದಕ್ಕೆ ಚಪ್ಪಲಿ ಎಸೆದ. ಚಪ್ಪಲಿ ಬೇಲಿ ದಾಟಿ ಆಚೆ ಬಿತ್ತು. ಮುದ್ದಯ್ಯ ಅದನ್ನು ಒರೆಸಿ ವಾಪಸು ಕೊಟ್ಟ.

ಉಳಿದದ್ದು ಒಂದೇ ದಾರಿ, ಎದುರು ಮನೆಯ ಮೂಗಮ್ಮ. ಅವಳ ಕಿವಿಗೆ ಒಂದು ಮಾತು ಹಾಕುವುದೂ ಪಂಚಾಯಿತಿ ಬೋರ್ಡಿಗೆ ಅಂಟಿಸುವುದೂ ಒಂದೇ, ಬೋರ್ಡು ಸ್ವಲ್ಪ ನಿಧಾನ.

"ಯಾರ್ಗೂ ಯೋಳ್ಬ್ಯಾಡ ಕಣಕ್ಕ" ಎಂದು ಚಿಕ್ಕಮಲ್ಲಪ್ಪ ದನಿ ತಗ್ಗಿಸಿದ. "ಮುದ್ದಯ್ಯನ ಹಿತ್ಲಲ್ಲಿ ಅದೆಯಲ್ಲ ಆ ಹಣ್ಣು, ಅದು ವಿಷವಂತೆ. ಮದ್ದೂರ್ ತಾವ ಒಬ್ಬ ತಿಂದು ಓಗೇಬುಟ್ನಂತೆ."

ಮೂಗಮ್ಮ ಕಣ್ಣರಳಿಸಿದಳು. "ನಾನ್ ದಿನಾ ಮಧ್ಯಾನ ತಿಂತೀನಲ್ಲಪ್ಪ. ನಂಗೇನಾಗದೆ?"

ಇದನ್ನು ಅವನು ಯೋಚಿಸಿರಲಿಲ್ಲ. ಆದರೆ ಹೊಟ್ಟೆಕಿಚ್ಚು ಬುದ್ಧಿಯನ್ನು ಚುರುಕು ಮಾಡುತ್ತದೆ. "ಬಿಸ್ಲು ಬಿದ್ಮೇಲೆ ತಿಂದ್ರೆ ಏನೂ ಆಗಕಿಲ್ಲ. ಹೊತ್ತುಟ್ಟೋಕ್ ಮುಂಚೆ ತಿಂದ್ರೇ ಎಡವಟ್ಟು. ಇಬ್ಬನಿ ಇರೋಗಂಟ ನಂಜು ಹಣ್ಣಲ್ಲೇ ಇರ್ತದೆ."

"ತಿಂದವ್ರೆ ಅಂತ ಗೊತ್ತಾಗದು ಹೆಂಗೆ?"

"ಅದೇ ಕಷ್ಟ ಕಣಕ್ಕ. ಕೇಳುದ್ರೆ ನಂಗೇನೂ ಆಗಿಲ್ಲ ಅಂತಾರಂತೆ. ಆಮೇಲ್ ಬೆವರ್ತಾರೆ. ಆಮೇಲ್ ಮಾತು ತೊದಲ್ತದೆ. ಅಲ್ಲಿಗ್ ಮುಗೀತು."

ಹತ್ತು ಗಂಟೆಗೆ ಸುದ್ದಿ ಬೀದಿಯ ಆ ತುದಿ ಮುಟ್ಟಿತು. ಹತ್ತೂವರೆಗೆ ಬಸ್ ಸ್ಟ್ಯಾಂಡಿನಲ್ಲಿ ಮದ್ದೂರಿನ ಸತ್ತವರ ಸಂಖ್ಯೆ ಮೂರಾಗಿತ್ತು. ತಾಯಂದಿರು ಮಕ್ಕಳ ಬಾಯಿ ತೆರೆಸಿ ನಾಲಗೆ ನೋಡುತ್ತಿದ್ದರು. ಚಿಕ್ಕಮಲ್ಲಪ್ಪ ತನ್ನ ಸಿಮೆಂಟ್ ಅಂಗಳದ ನಡುವೆ ಕುರ್ಚಿ ಹಾಕಿಕೊಂಡು, ಸುಡುವ ಬಿಸಿಲನ್ನೂ ಲೆಕ್ಕಿಸದೆ, ಮುದ್ದಯ್ಯನ ಹಿತ್ತಿಲಿನಿಂದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋಗುವುದನ್ನು ನೋಡುತ್ತಾ ಕೂತ. ಬಹಳ ದಿನದ ಮೇಲೆ ಅವನಿಗೆ ಹೊಟ್ಟೆ ತಣ್ಣಗಾಗಿತ್ತು.

ಹನ್ನೊಂದು ಗಂಟೆಗೆ ಮೂಗಮ್ಮ ಹೊಸ ಸುದ್ದಿ ಏನಾದರೂ ಇದೆಯೇ ಎಂದು ಕೇಳಲು ಬಂದಳು. ಹಿಂದೆ ಹತ್ತಾರು ಜನ. ಎಲ್ಲರ ಹಿಂದೆ ಪೆಚ್ಚುಮೋರೆಯ ಮುದ್ದಯ್ಯ. ಮೂಗಮ್ಮನ ಕಣ್ಣು ಕುರ್ಚಿಯ ಕಾಲಿನ ಮೇಲೆ ನಿಂತಿತು. ಅಲ್ಲಿಂದ ಇರುವೆಗಳು ಸಾಲುಗಟ್ಟಿ ಚಿಕ್ಕಮಲ್ಲಪ್ಪನ ಪಂಚೆ ಹತ್ತಿ, ಬಿಳಿ ಶರ್ಟು ಹತ್ತಿ, ಎದೆಯ ಜೇಬಿಗೆ ಇಳಿಯುತ್ತಿದ್ದವು. ಜೇಬಿನ ಸುತ್ತ ಅಂಗೈಯಗಲ ಕೆಂಪು ಕಲೆ.

"ಅದೇನ್ ಮಲ್ಲಪ್ಪ ಜೇಬಲ್ಲಿ?"

"ಏನಿಲ್ವಲ್ಲ" ಎಂದು ಅವನು ಕೈ ಅಡ್ಡ ಹಿಡಿದ. ಅಷ್ಟರಲ್ಲಿ ಮುದ್ದಯ್ಯ ಮುಂದೆ ಬಂದು ಜೇಬಿಗೆ ಎರಡು ಬೆರಳು ಹಾಕಿ ತೆಗೆದ. ಜಜ್ಜಿಹೋದ ಸ್ಟ್ರಾಬೆರಿ.

"ಯಾವಾಗ್ ಕಿತ್ತೆ ಮಲ್ಲಣ್ಣ?" ಮುದ್ದಯ್ಯ ಅವನ ಭುಜ ಹಿಡಿದು ಕೇಳಿದ. "ಬೆಳಿಗ್ಗೆ ನಾನ್ ಬಾಗ್ಲು ತಗದ್ಮೇಲೆ ನೀನ್ ಹಿತ್ಲಿಗೆ ಬಂದೇ ಇಲ್ಲ. ಹೊತ್ತುಟ್ಟೋಕ್ ಮುಂಚೆನಾ? ತಿಂದ್ಯಾ?"

"ನಂಗೇನೂ ಆಗಿಲ್ಲ" ಎಂದುಬಿಟ್ಟ ಚಿಕ್ಕಮಲ್ಲಪ್ಪ.

ಜನ ಒಂದು ಹೆಜ್ಜೆ ಹಿಂದೆ ಸರಿದರು. "ಅಂದ್ಬುಟ್ಟ" ಎಂದಳು ಮೂಗಮ್ಮ. "ಹಂಗೇ ಅಂತಾರಂತೆ ಮೊದ್ಲು. ನೋಡ್ರಪ್ಪ, ಹಣೆ ನೋಡ್ರಿ, ಹೆಂಗ್ ಬೆವರ್ತಾವ್ನೆ."

ಮಾರ್ಚ್ ತಿಂಗಳ ಬಿಸಿಲಿನಲ್ಲಿ, ಕಾದ ಸಿಮೆಂಟಿನ ಮೇಲೆ ಒಂದು ಗಂಟೆ ಕೂತವನು ಬೆವರದೆ ಇನ್ನೇನು ಮಾಡಿಯಾನು. ಅದನ್ನೇ ಹೇಳಲು ಹೊರಟ. ಆದರೆ ಹತ್ತಾರು ಕೈಗಳು ಒಟ್ಟಿಗೆ ಹಿಡಿದುಕೊಂಡಾಗ ಗಾಬರಿಯಲ್ಲಿ "ಬ... ಬ... ಬುಡ್ರಲಾ" ಎಂದಿತು ಬಾಯಿ.

"ತೊದಲ್ತಾ ಅವ್ನೆ" ಎಂದು ಯಾರೋ ಕೂಗಿದರು. ಅಲ್ಲಿಗೆ ಅವನ ಮಾತಿಗೆ ಬೆಲೆ ಹೋಯಿತು. ಒಬ್ಬರು ಮೂಗು ಹಿಡಿದರು, ಇನ್ನೊಬ್ಬರು ಒಂದು ಚೊಂಬು ಉಪ್ಪುನೀರು ಹುಯ್ದರು. ಅದು ಸಾಲದೆಂದು ಮೂಗಮ್ಮ ಹುಣಸೆಹಣ್ಣಿನ ನೀರು ತಂದಳು. ಬೆಳಗಿನ ಇಡ್ಲಿ, ರಾತ್ರಿಯ ಮುದ್ದೆ, ಎಲ್ಲವೂ ಬೀದಿಯವರ ಸಮಕ್ಷಮದಲ್ಲಿ ಹೊರಬಂದವು. ಕೊನೆಗೆ ಕೆಂಪಗೆ ಒಂದಿಷ್ಟು ಬಂದಾಗ ಜನ ತಲೆಯಾಡಿಸಿದರು.

ಆಟೋ ಶಂಕರ್ ಗಾಡಿ ತಂದ. ಮುದ್ದಯ್ಯ ಒಳಗೆ ಕೂತು ಚಿಕ್ಕಮಲ್ಲಪ್ಪನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಗುಂಡ್ಲುಪೇಟೆಯ ದಾರಿಯುದ್ದಕ್ಕೂ ಟವೆಲ್ಲಿನಿಂದ ಗಾಳಿ ಹಾಕಿದ.

"ನಿಂಗ್ ಹಣ್ಣಿಗೇನಪ್ಪ ಕೊರತೆ, ಅದೆಲ್ಲ..." ಎಂದು ಏನೋ ಹೇಳಹೊರಟು ಮುದ್ದಯ್ಯ ನುಂಗಿಕೊಂಡ. "ಒಂದ್ ಮಾತು ಕೇಳಿದ್ರೆ ಬುಟ್ಟಿ ತುಂಬ ಕಳುಸ್ತಿದ್ನಲ್ಲೋ."

ಚಿಕ್ಕಮಲ್ಲಪ್ಪ ಕಣ್ಣು ಮುಚ್ಚಿಕೊಂಡ. ಕೆಟ್ಟವನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ, ಸುಖವೂ ಇದೆ. ಒಳ್ಳೆಯವನ ತೊಡೆಯ ಮೇಲೆ ತಲೆಯಿಟ್ಟು ಅದೇ ಕೆಲಸ ಮಾಡುವುದು ಬಹಳ ಕಷ್ಟ. ಆದರೂ ಮಾಡಿದ.

ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿದರು. ಡಾಕ್ಟರು ಜೇಬಿನ ಹಣ್ಣನ್ನು ಬೆಳಕಿಗೆ ಹಿಡಿದು ನೋಡಿ, ಮುದ್ದಯ್ಯ ಹೊರಗೆ ಹೋದ ಮೇಲೆ ಕೇಳಿದರು. "ಇದು ಸ್ಟ್ರಾಬೆರಿ ಅಲ್ವೇನ್ರಿ? ಇದನ್ನ ವಿಷ ಅಂದೋರು ಯಾರು?"

"ನಾನೇ ಸಾ" ಎಂದ ಚಿಕ್ಕಮಲ್ಲಪ್ಪ ಸಣ್ಣ ದನಿಯಲ್ಲಿ.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಉಪ್ಪುನೀರು ಕುಡಿಸಿದ್ದಕ್ಕೆ ಸುಸ್ತಾಗಿದೆ, ಅಷ್ಟೇ. ಈ ಬಾಟಲಿ ಮುಗಿಯಲಿ. ನಿಮ್ಮ ಕಡೆಯವರಿಗೆ ಹೇಳಿಬಿಡ್ಲಾ? ಪಾಪ, ಹೊರಗೆ ಅಳ್ತಾ ಕೂತಿದ್ದಾರೆ."

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇತ್ತು.

"ಬ್ಯಾಡಿ ಸಾ. ಊರಿಗ್ ಓದ್ಮೇಲೆ ನಾನೇ ಯೋಳ್ತೀನಿ."

ಸ್ವಲ್ಪ ಹೊತ್ತಿಗೆ ಮುದ್ದಯ್ಯ ಫೋನ್ ಹಿಡಿದು ಒಳಗೆ ಬಂದ. ಮುಖ ಬಾಡಿಹೋಗಿತ್ತು. "ಊರಲ್ಲಿ ಗಿಡನೆಲ್ಲ ಕಿತ್ತಾಕ್ತಾವ್ರಂತೆ ಮಲ್ಲಣ್ಣ. ಒಂದೂ ಬುಡದಂಗೆ. ಓಗ್ಲಿ ಬುಡು, ಗಿಡ ಓದ್ರೆ ಓಯ್ತವೆ, ನೀನ್ ಉಳ್ಕೊ."

ಆಗ ಬಾಯಿ ಬಿಟ್ಟಿದ್ದರೆ ಅರ್ಧ ಹಿತ್ತಿಲಾದರೂ ಉಳಿಯುತ್ತಿತ್ತು, ಈ ಕತೆಯೂ ಸುಖವಾಗಿ ಮುಗಿಯುತ್ತಿತ್ತು. ಚಿಕ್ಕಮಲ್ಲಪ್ಪ ಬಾಯಿ ಬಿಡಲಿಲ್ಲ. ಶಾಲು ಜಾರಿ ಬೀಳುವುದು, ಮೈಕು ಸುಮ್ಮನಾಗುವುದು ಅವನ ಕಣ್ಣಿಗೆ ಕಟ್ಟಿತು. ನರದೊಳಗೆ ಇಳಿಯುತ್ತಿದ್ದ ಗ್ಲೂಕೋಸ್ ನಾಲಗೆಗೇ ಸಿಹಿಯಾದಂತೆ ಅನ್ನಿಸಿತು.

ಎರಡು ಗಂಟೆಗೆ ಆಟೋ ಹಂಗಳಕ್ಕೆ ವಾಪಸಾಯಿತು. ಮುದ್ದಯ್ಯನ ಹಿತ್ತಿಲಿನಲ್ಲಿ ಊರೇ ನೆರೆದಿತ್ತು. ಹಸಿರು ಜಮಖಾನದ ಜಾಗದಲ್ಲಿ ಬರೀ ಕೆಂಪು ಮಣ್ಣು. ಮೂಲೆಯಲ್ಲಿ ಕಿತ್ತ ಗಿಡಗಳ ರಾಶಿ, ಅದರ ಮೇಲೆ ದೃಷ್ಟಿಬೊಂಬೆ ಅಂಗಾತ ಬಿದ್ದಿತ್ತು. ಚಿಕ್ಕಮಲ್ಲಪ್ಪ ಅದರ ಕಡೆ ನೋಡದೆ ದಾಟಿದ.

ಲಕ್ಷ್ಮಿದೇವಿ ಮಣ್ಣಾದ ಕೈಯಲ್ಲೇ ಓಡಿ ಬಂದು ಗಂಡನ ತೋಳು ಹಿಡಿದುಕೊಂಡಳು. ಅವಳ ಉಗುರಿನ ಸಂದಿಗಳಿಂದ ರಕ್ತ ಜಿನುಗುತ್ತಿತ್ತು. "ಉಳ್ಕಂಡ್ರಲ್ಲ, ಸಾಕು. ಹೊಲದಿಂದ ಬರೋ ಹೊತ್ಗೆ ಗಾಡಿ ಓಗ್ಬುಟ್ಟಿತ್ತು. ನಿಮ್ ಜೀವಕ್ಕಿಂತ ಹೆಚ್ಚಾ ಈ ಗಿಡ ಅಂತ ಒಂದೂ ಬುಡ್ದಂಗೆ ನಾನೇ ಕಿತ್ತಾಕ್ದೆ."

ತಡವಾಗಿ ಈಗಷ್ಟೇ ಬಂದು, ರಾಶಿಯ ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದವರು ತೋಟಗಾರಿಕೆ ಇಲಾಖೆಯ ಅಧಿಕಾರಿ ಸ್ವರ್ಣಲತಾ. ಕೊರಳಲ್ಲಿ ಚೆಂಡುಹೂವಿನ ಹಾರ ಇತ್ತು, ಮುಖದಲ್ಲಿ ಕಳೆ ಇರಲಿಲ್ಲ. ಚಿಕ್ಕಮಲ್ಲಪ್ಪ ಅವರ ಮುಂದೆ ನಿಂತು, ದೊಡ್ಡ ಮನಸ್ಸಿನವನಂತೆ ಒಂದು ಮಾತು ಹೇಳಿದ.

"ಪಾಪ ಮೇಡಂ, ನಮ್ಮ್ ಮುದ್ದಯ್ಯನ ಗಿಡ ಎಲ್ಲಾ ಓಯ್ತು."

"ಮುದ್ದಯ್ಯನವರದ್ದಾ?" ಸ್ವರ್ಣಲತಾ ಫೈಲು ತೆರೆದರು. "ಜಾಗ ಮಾತ್ರ ಅವರದು. ತಿನ್ನುವ ಹಣ್ಣಿನ ನೆಲಹೊದಿಕೆ ವಿಭಾಗದಲ್ಲಿ ಜಿಲ್ಲೆಗೆ ಮೊದಲ ಬಹುಮಾನಕ್ಕೆ ಆಯ್ಕೆ ಆಗಿದ್ದ ಹೆಸರು ಚಿಕ್ಕಮಲ್ಲಪ್ಪ, ಹಂಗಳ. ಅವರು ಯಾರು?"

ಚಿಕ್ಕಮಲ್ಲಪ್ಪನಿಗೆ ಈಗ ನಿಜವಾಗಿ ಬೆವರು ಬಂತು.

ಹೇಳಿದವಳು ಮುದ್ದಯ್ಯನ ಹೆಂಡತಿ ಚಿಕ್ಕನಿಂಗಮ್ಮ. "ನೀವ್ ಮನೆಯೆಲ್ಲ ಸಿಮೆಂಟ್ ಮಾಡ್ಬುಟ್ರಲ್ಲ ಮಲ್ಲಣ್ಣ. ಒಂದ್ ಗಿಡ ನೆಡೋಕೂ ಜಾಗ ಇಲ್ಲ ಅಂತ ಲಕ್ಷ್ಮಿದೇವಿ ಅತ್ಲು. ನಮ್ ಹಿತ್ಲಲ್ಲಿ ನೆಟ್ಕೋ ಬುಡಮ್ಮ ಅಂದೆ. ಬುಡ ತರಿಸ್ದೋಳು ಅವ್ಳು, ನೀರುಯ್ದೋಳು ಅವ್ಳು. ಬಹುಮಾನ ಬರೋಗಂಟ ನಿಮ್ಗೆ ಯೋಳ್ಬಾರ್ದು ಅಂತ ನಮ್ ಕೈಲಿ ಆಣೆ ಹಾಕ್ಸವ್ಳೆ."

"ಅರ್ಜಿಯಲ್ಲಿ ಯಜಮಾನರ ಹೆಸರು ಬರೀಬೇಕು ಅಂದರೆ ಇವರು ಬಾಯೇ ಬಿಡಲಿಲ್ಲ" ಎಂದರು ಸ್ವರ್ಣಲತಾ. "ಪಹಣಿ ಮುಂದೆ ಇಟ್ಟರು, ಅದನ್ನ ನೋಡಿ ನಾನೇ ಬರಕೊಂಡೆ. ಮನೆ ಯಾರದು ಅಂತ ಕೇಳಿದರೂ ಅದೇ ಕತೆ. ಮುದ್ದಯ್ಯನವರ ಮನೆ ಅಂತ ಕೇಳಿಕೊಂಡು ಬನ್ನಿ ಅಂದರು." ಅವರು ಫೈಲು ಮುಚ್ಚಿದರು. "ಕಣ್ಣಿಂದ ನೋಡದೆ ಬಹುಮಾನ ಕೊಡೋಕೆ ಬರಲ್ಲ. ಪಟ್ಟಿಯಲ್ಲಿ ಎರಡನೆಯವರಿಗೆ ಹೋಗುತ್ತೆ."

ಹೋಗುವ ಮುಂಚೆ ಅವರು ಬಗ್ಗಿ, ರಾಶಿಯಿಂದ ಒಂದು ಹಣ್ಣು ಬಿಡಿಸಿ, ಎಲ್ಲರೂ ನೋಡುತ್ತಿದ್ದಂತೆ ಬಾಯಿಗೆ ಹಾಕಿಕೊಂಡರು. "ಎಷ್ಟು ಚೆನ್ನಾಗಿದೆ. ಎಷ್ಟೊತ್ತಿನಲ್ಲಿ ತಿಂದರೂ ಇದು ವಿಷ ಅಲ್ಲ. ನಿಮಗೆ ಯಾರು ಹೀಗೆ ಹೇಳಿದ್ದು?"

ಊರು ಮೂಗಮ್ಮನ ಕಡೆ ತಿರುಗಿತು. "ನನ್ಯಾಕ್ ನೋಡೀರಿ?" ಎಂದಳು ಅವಳು. "ನಂಗ್ ಯೋಳಿದ್ದು ಮಲ್ಲಪ್ಪನೇಯ. ಯಾರ್ಗೂ ಯೋಳ್ಬ್ಯಾಡ ಅಂದಿದ್ದ, ಅದ್ಕೆ ಇಷ್ಟೊತ್ತು ಅವ್ನ ಹೆಸ್ರು ಮಾತ್ರ ಯೋಳಿರ್ನಿಲ್ಲ."

ಲಕ್ಷ್ಮಿದೇವಿಯ ಕೈ ಗಂಡನ ತೋಳಿನಿಂದ ಮೆಲ್ಲಗೆ ಜಾರಿತು. ಅವಳು ಅವನ ಜೇಬಿನ ಕೆಂಪು ಕಲೆ ನೋಡಿದಳು. ಬೇಲಿಯ ಕಿಂಡಿ ನೋಡಿದಳು. ರಾಶಿಯ ಮೇಲೆ ಅಂಗಾತ ಬಿದ್ದಿದ್ದ ಮೀಸೆಯ ಬೊಂಬೆಯನ್ನು ನೋಡಿದಳು. ಯಾವ ಕಣ್ಣು ಬೀಳದಿರಲಿ ಎಂದು ಅದನ್ನು ನಿಲ್ಲಿಸಿದ್ದಳೋ, ಆ ಕಣ್ಣು ಯಾರದೆಂದು ಅವಳಿಗೆ ಈಗ ಗೊತ್ತಾಯಿತು. ಕೊನೆಗೆ ತನ್ನ ಹರಿದ ಉಗುರುಗಳನ್ನು ನೋಡಿಕೊಂಡಳು.

"ಏನಾಯ್ತು ಅಂದ್ರೆ..." ಎಂದು ಶುರು ಮಾಡಿದ ಅವನು.

ಲಕ್ಷ್ಮಿದೇವಿ ಉಸಿರೆಳೆದುಕೊಂಡು, ಮೂವತ್ತೆರಡು ವರ್ಷದಲ್ಲಿ ಮೊದಲ ಸಲ, ಗಂಡನನ್ನು ಹೆಸರು ಹಿಡಿದು ಕರೆದಳು. ಒಂದಕ್ಷರವೂ ನುಂಗದೆ ಪೂರ್ತಿ ಹೆಸರು ಕರೆದಳು. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದವರೂ ಇತ್ತ ತಿರುಗಿ ನೋಡಿದರು. ಮೈಕಿನ ಅಗತ್ಯವೇ ಬೀಳಲಿಲ್ಲ.